ಬಾಗಿಲಿಗೆ ಇಟ್ಟ ಕಬ್ಬಿಣ

ನಮ್ಮ ಅಡುಗೆಮನೆಯ ಹಿಂದಿನ ಬಾಲ್ಕನಿಯ ಬಾಗಿಲು ತಾನಾಗಿ ತೆರೆದು ನಿಲ್ಲುವುದಿಲ್ಲ. ಒಂಬತ್ತನೆಯ ಮಹಡಿಯ ಗಾಳಿ. ಕೊಂಡಾಪುರದ ಎತ್ತರದ ಕಟ್ಟಡಗಳ ಸಂದಿಯಲ್ಲಿ ನುಸುಳಿ ಬರುವಷ್ಟರಲ್ಲಿ ಅದಕ್ಕೆ ಸಿಟ್ಟು ಬಂದಿರುತ್ತದೆ, ಬಾಗಿಲನ್ನು ಹಿಡಿದು ಚೌಕಟ್ಟಿಗೆ ಅಪ್ಪಳಿಸುತ್ತದೆ. ಅದಕ್ಕೆ ಬಾಗಿಲಿನ ಬುಡದಲ್ಲಿ ನಾನೊಂದು ಕಬ್ಬಿಣದ ತುಂಡು ಇಟ್ಟಿದ್ದೇನೆ. ಮೊಳದುದ್ದ, ನಡುವೆ ಎರಡು ಡೊಂಕು, ಒಂದು ತುದಿ ನುಣುಪು, ಇನ್ನೊಂದು ತುದಿ ಬೆಲ್ಲದ ಅಚ್ಚನ್ನು ಮುರಿದಾಗ ಕಾಣುವಂತೆ ಕಾಳುಕಾಳು. ನೇತ್ರಾ, ನೀನು ಚಿಕ್ಕವಳಿದ್ದಾಗ ಅದಕ್ಕೆ ನಿನ್ನ ಗೊಂಬೆಯನ್ನು ಆನಿಸಿ ಕೂಡಿಸುತ್ತಿದ್ದೆ. ಸಮರ್ಥ, ನೀನು ಅದಕ್ಕೆ ಎಡವಿ ಹೆಬ್ಬೆರಳಿನ ಉಗುರು ಕಳೆದುಕೊಂಡು ಒಂದು ವಾರ ಚಪ್ಪಲಿ ಹಾಕಲಿಲ್ಲ. ಇದನ್ನು ಗುಜರಿಗೆ ಹಾಕೋಣವೆಂದು ನಿಮ್ಮ ಅಮ್ಮ ಮೂರು ಸಲ ಹೇಳಿದ್ದಾಳೆ. ನಾನು ಮೂರು ಸಲವೂ ಹೂಂ ಅಂದಿದ್ದೇನೆ, ಹಾಕಿಲ್ಲ.

ಅದು ಏನೆಂದು ಈ ಮನೆಯಲ್ಲಿ ಯಾರೂ ಕೇಳಿಲ್ಲ. ಕೇಳದಿದ್ದರೂ ಈಗ ಹೇಳಬೇಕಾದ ಪ್ರಸಂಗ ಬಂದಿದೆ. ಏಕೆಂದರೆ ಕೆಳಗೆ ಪಾರ್ಕಿಂಗ್‌ನಲ್ಲಿ, ನಿಮ್ಮ ಅಜ್ಜನ ಜೀಪಿನ ಪಕ್ಕದಲ್ಲಿ, ಗೋಣಿಚೀಲ ಹೊದ್ದು ಮಲಗಿರುವ ಹೊಸ ಕ್ರ್ಯಾಂಕ್‌ಶಾಫ್ಟ್ ನೀವು ತಿಳಿದುಕೊಂಡಂಥದ್ದಲ್ಲ. ಅದು ಬಡಿದು ಮಾಡಿದ್ದಲ್ಲ, ಎರಕ ಹೊಯ್ದದ್ದು. ರವಿವಾರ ನೀವು ಅದನ್ನು ಇಂಜಿನ್ನಿನೊಳಗೆ ಕೂರಿಸುತ್ತೀರಿ. ಇವತ್ತು ಶುಕ್ರವಾರ ಮಧ್ಯಾಹ್ನ. ಅಷ್ಟರೊಳಗೆ ಈ ಮಾತನ್ನು ನಾನು ಹೇಳಬೇಕು. ಬಾಯಿಂದ ಬರುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಬರೆಯುವುದೂ ನನಗೆ ಅಷ್ಟು ಬರುವ ಕೆಲಸವಲ್ಲ. ಕುಷ್ಟಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು ನಾನು. ಅಲ್ಲಿಯೂ ಕೊನೆಯ ಸಾಲಿನಲ್ಲಿ ಕೂತು, ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಪಾಟಿಯ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಸಮರ್ಥನಿಗೆ ಕನ್ನಡ ಓದಲು ಬರುವುದಿಲ್ಲ. ಈ ಊರಿನಲ್ಲಿ ಹುಟ್ಟಿ ತೆಲುಗು, ಹಿಂದಿ, ಇಂಗ್ಲಿಷು ಮೂರನ್ನೂ ಓದುವ ಹುಡುಗನಿಗೆ ಅಜ್ಜಿಯ ಅಕ್ಷರ ಮಾತ್ರ ಚಿತ್ತಾರ. ನೇತ್ರಾ, ನೀನು ಇವನಿಗೆ ಓದಿ ಹೇಳು. ಬಿಟ್ಟು ಓದಬೇಡ.

ನೀವಿಬ್ಬರೂ ಕಾಲೇಜಿನಲ್ಲಿ ಕಲಿತವರು, ನಿಮಗೆ ನಾನು ಕ್ರ್ಯಾಂಕ್ ಅಂದರೆ ಏನೆಂದು ಹೇಳುವುದು ನಗೆಯ ಮಾತು. ಆದರೆ ನಾನು ಅದನ್ನು ತಿಳಿದುಕೊಂಡ ರೀತಿ ಬೇರೆ. ಮದುವೆಯಾಗಿ ಮಲ್ಕಾಜ್‌ಗಿರಿಯ ಆ ಮನೆಗೆ ಬಂದ ಹೊಸದರಲ್ಲಿ, ಮುಂದಿನ ಕೋಣೆಯ ವರ್ಕ್‌ಶಾಪಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಆ ಡೊಂಕು ಕಬ್ಬಿಣಗಳನ್ನು ಕಂಡು ಇವು ಏನೆಂದು ಕೇಳಿದಾಗ ನಿಮ್ಮ ಅಜ್ಜ ಬೀಸುವ ಕಲ್ಲನ್ನು ತೋರಿಸಿದರು. ಕೈ ಹಿಂದೆ ಮುಂದೆ ಹೋಗುತ್ತದೆ, ಕಲ್ಲು ಮಾತ್ರ ಸುತ್ತುತ್ತದೆ. ನಡುವೆ ಇರುವುದು ಒಂದು ಗೂಟ. ಇಂಜಿನ್ನಿನಲ್ಲಿ ಆ ಗೂಟದ ಕೆಲಸ ಮಾಡುವುದೇ ಕ್ರ್ಯಾಂಕು, ಮೇಲೆ ಕೆಳಗೆ ಕುಣಿಯುವುದನ್ನೆಲ್ಲ ಅದು ತಿರುಗುವಂತೆ ಮಾಡುತ್ತದೆ, ಎಲ್ಲ ಏಟೂ ಅದರ ಮೇಲೆ ಬೀಳುತ್ತದೆ, ಯಾರ ಕಣ್ಣಿಗೂ ಅದು ಬೀಳುವುದಿಲ್ಲ ಎಂದರು. ಮದುವೆಯಾದ ಹದಿನೈದು ದಿನಕ್ಕೆ ಗಂಡ ಹೇಳಿದ ಇಷ್ಟು ಮಾತು ನನಗೆ ಆಗ ಬಹಳ ಪ್ರೀತಿಯದಾಗಿ ಕೇಳಿಸಿತ್ತು.

ಅದರಲ್ಲಿ ಎರಡು ಜಾತಿ. ಕರಗಿಸಿದ ಕಬ್ಬಿಣವನ್ನು ಅಚ್ಚಿಗೆ ಸುರಿದು ಆರಿಸಿದ್ದು ಎರಕದ್ದು. ಉಕ್ಕನ್ನು ಕೆಂಪಗೆ ಕಾಸಿ, ದೊಡ್ಡ ಸುತ್ತಿಗೆಯಿಂದ ಬಡಿದು ರೂಪಕ್ಕೆ ತಂದದ್ದು ಇನ್ನೊಂದು. ಬಡಿದದ್ದರ ಒಳಗೆ ಸೊಪ್ಪಿನ ದಂಟಿನಂತೆ ನಾರು ಇರುತ್ತದಂತೆ. ಡೊಂಕು ಇದ್ದಲ್ಲಿ ಆ ನಾರೂ ಡೊಂಕಾಗಿ ಹರಿಯುತ್ತದೆ, ಕಡಿಯುವುದಿಲ್ಲ. ಎರಕದ್ದರೊಳಗೆ ನಾರಿಲ್ಲ, ಕಾಳು ಇದೆ. ಎರಕದ್ದೆಂದರೆ ಕೆಟ್ಟದ್ದೆಂದು ತಿಳಿಯಬೇಡಿ. ಹಗುರಾಗಿ ಓಡುವ ಗಾಡಿಗೆ ಅದೇ ಸಾಕು, ಅದು ತನ್ನ ಆಯುಷ್ಯವನ್ನು ಮರ್ಯಾದೆಯಿಂದ ಕಳೆಯುತ್ತದೆ. ಭಾರ ಹೊರುವ, ದಿಣ್ಣೆ ಏರುವ, ಮೈಮೇಲೆ ಒತ್ತಡ ಹಾಕಿಸಿಕೊಳ್ಳುವ ಇಂಜಿನ್ನಿಗೆ ಮಾತ್ರ ಬಡಿದದ್ದು ಬೇಕು. ತಪ್ಪು ಎರಕದ್ದಲ್ಲ, ಎರಕದ್ದನ್ನು ಬಡಿದದ್ದೆಂದು ಹೇಳಿ ಕೊಡುವವರದು.

ಇವೆರಡನ್ನೂ ಗುರುತಿಸಲು ನಿಮ್ಮ ಅಜ್ಜನ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಇತ್ತು. ಬಂದ ಕ್ರ್ಯಾಂಕನ್ನು ಹಗ್ಗಕ್ಕೆ ಕಟ್ಟಿ ತೊಲೆಯಿಂದ ಇಳಿಬಿಟ್ಟು ಚಿಕ್ಕ ಸುತ್ತಿಗೆಯಿಂದ ಒಂದೇ ಒಂದು ಏಟು ಕೊಡುತ್ತಿದ್ದರು. ಬಡಿದದ್ದಾದರೆ ಗುಡಿಯ ಗಂಟೆಯಂತೆ ಸದ್ದು ಎಳೆದು ನಿಲ್ಲುತ್ತದೆ. ಎರಕದ್ದಾದರೆ ಹಲಗೆ ಬಡಿದಂತೆ ದಬ್ ಎಂದು ಅಲ್ಲೇ ಸಾಯುತ್ತದೆ. ಬಿರುಕು ಬಿಟ್ಟಿದ್ದರೂ ಹಾಗೆಯೇ. ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸಂತೆಯಲ್ಲಿ ಗಡಿಗೆ ಕೊಳ್ಳುವ ಯಾವ ಹೆಂಗಸೂ ಬೆರಳಿನ ಗೆಣ್ಣಿನಿಂದ ಬಡಿದು ನೋಡದೆ ಕೊಳ್ಳುವುದಿಲ್ಲ. ನಮ್ಮವ್ವ ನೂರು ಗಡಿಗೆಯ ರಾಶಿಯಲ್ಲಿ ಒಡಕು ಗಡಿಗೆಯನ್ನು ಕಣ್ಣು ಮುಚ್ಚಿ ತೆಗೆದು ಬದಿಗಿಡುತ್ತಿದ್ದಳು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ನಡುಬಾಗಿಲಿನ ಆಚೆಯಿಂದ ಬರುವ ಆ ಒಂದೊಂದೇ ಏಟನ್ನು ಕೇಳುತ್ತ ಕೇಳುತ್ತ, ಇದು ಇಂಥದ್ದು, ಇದು ಅಂಥದ್ದು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಆಮೇಲೆ ನಿಮ್ಮ ಅಜ್ಜ ಗಿರಾಕಿಗೆ ಹೇಳಿದಾಗ ನಾನು ಹೇಳಿಕೊಂಡದ್ದೇ ಖರೆ ಆಗಿರುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳುವ ಮನೆ ಅದಾಗಿರಲಿಲ್ಲ.

ಆ ಮನೆಯಲ್ಲಿ ಯಜಮಾನರು ನಿಮ್ಮ ಅಜ್ಜನ ಅಣ್ಣ, ನನ್ನ ಭಾವನವರು. ಕೆಲಸ ನಿಮ್ಮ ಅಜ್ಜನದು, ಮಾಲು ತರುವುದು ಭಾವನವರದು. ಅವರ ಎದುರಿಗೆ ನಾನು ತಲೆಯ ಮೇಲಿನ ಸೆರಗು ಇಳಿಸಿದವಳಲ್ಲ, ಮಾತಾಡಿದವಳಲ್ಲ. ಅವರಿಗೆ ನೀರು ಬೇಕಾದರೆ ಅವರು ಗೋಡೆಗೆ ಹೇಳುತ್ತಿದ್ದರು, ನಾನು ತಂಬಿಗೆಯನ್ನು ಹೊಸ್ತಿಲ ಮೇಲೆ ಇಟ್ಟು ಸರಿಯುತ್ತಿದ್ದೆ. ಇದು ಅವರ ಕಠೋರತನವಲ್ಲ, ರೂಢಿ. ರೂಢಿ ಎಂದು ಹೇಳಿದರೆ ಯಾರ ಮೇಲೂ ತಪ್ಪು ಬರುವುದಿಲ್ಲ, ಅದೇ ಅದರ ಅನುಕೂಲ.

ನಿಮ್ಮ ಅಪ್ಪ ಇನ್ನೂ ಶಾಲೆಗೆ ಸೇರಿರಲಿಲ್ಲ, ಆಗ ನಮ್ಮಲ್ಲಿಗೆ ಮಲ್ಲಪ್ಪ ಎಂಬವನು ಬರುತ್ತಿದ್ದ. ಸೇಡಂ ಕಡೆಯವನು. ಒಂದು ಹಳೆಯ ಟೆಂಪೊ ಇಟ್ಟುಕೊಂಡು ನಮ್ಮ ಕಡೆಯ ಕೂಲಿಯವರನ್ನು ಕಟ್ಟಡದ ಕೆಲಸಗಳಿಗೆ ಒಯ್ಯುತ್ತಿದ್ದ. ಬರುವಾಗ ಕಲ್ಲು, ಉಸುಕು, ಸಿಕ್ಕಿದ ಭಾರ. ಆ ಟೆಂಪೊಗಳಲ್ಲಿ ಇಂಜಿನ್ನು ಮುಂದೆಯೇ, ಡ್ರೈವರನ ಕಾಲಿನ ಪಕ್ಕದಲ್ಲೇ ಇರುತ್ತಿತ್ತು, ಮೇಲೊಂದು ತಗಡಿನ ಮುಚ್ಚಳ. ಮಲ್ಲಪ್ಪ ವರ್ಕ್‌ಶಾಪಿಗೆ ಬಂದರೆ ನಡುಬಾಗಿಲ ಹತ್ತಿರ ನಿಂತು ಒಳಗೆ ಕೇಳಿಸುವಂತೆ, "ವೈನಿ, ಚಾ ಸಿಗತೈತೋ, ಇಲ್ಲ ಇವತ್ತೂ ಬರೇ ಕಬ್ಬಿಣದ ವಾಸನಿ ಕುಡದು ಹೋಗಬೇಕೋ?" ಎನ್ನುತ್ತಿದ್ದ. ಆ ಊರಿನಲ್ಲಿ ಗೋಡೆಗೆ ಹೇಳದೆ, ಅತ್ತಿಗೆಯೆಂದು ಕರೆದು ನನ್ನನ್ನೇ ಮಾತಾಡಿಸುತ್ತಿದ್ದವನು ಅವನೊಬ್ಬ.

ಅವನ ಇಂಜಿನ್ನು ಬಿಚ್ಚಿದ್ದರು. ಹಳೆಯ ಕ್ರ್ಯಾಂಕು ಸವೆದು ಹೋಗಿತ್ತು. ಅವನು ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ: "ಅಣ್ಣಾರ, ಮಂದೀನ ಹೊತ್ತು ತಿರಗೋ ಗಾಡಿ. ಬಡದಿದ್ದ ಹಾಕ್ರಿ, ಎರಕದ್ದು ಬ್ಯಾಡ." ನಾಲ್ಕು ದಿನಕ್ಕೆ ಭಾವನವರು ಹಳೆಯ ಸಾಮಾನಿನ ಬಜಾರಿನಿಂದ ಒಂದು ಕ್ರ್ಯಾಂಕು ತಂದರು, ಮೈತುಂಬ ಗ್ರೀಸು ಬಳಿದದ್ದು. ಮಲ್ಲಪ್ಪನ ಎದುರಿಗೇ ತೊಲೆಗೆ ಕಟ್ಟಿದರು. ನಿಮ್ಮ ಅಜ್ಜ ಬಡಿದರು.

ದಬ್ ಎಂದಿತು.

ನನ್ನ ಕೈಯೊಳಗಿನ ರೊಟ್ಟಿ ನಿಂತಿತು. ನಿಮ್ಮ ಅಜ್ಜ ಇನ್ನೊಮ್ಮೆ ಬಡಿದರು. ಅದೇ ದಬ್. ಭಾವನವರೇ ಅಂದರು, "ಗ್ರೀಸು ಭಾಳ ಬಳದಾರ, ಅದಕ್ಕ ಹಂಗ ಬರತೈತಿ. ನಾ ನೋಡಿ ತಂದೀನಿ, ಬಡದಿದ್ದ ಐತಿ." ನಿಮ್ಮ ಅಜ್ಜ, "ಹೌದಾಗಿರಬೇಕ್ರಿ" ಅಂದರು.

ಊಟಕ್ಕೆ ಒಳಗೆ ಬಂದಾಗ ನಾನು ತಾಟಿನ ಮುಂದೆ ಕೂತು, ಉಸುರಿನಲ್ಲಿ ಹೇಳಿದೆ. "ರೀ, ಅದು ಎರಕದ್ದು ಅನಸ್ತೈತಿ. ಗ್ರೀಸು ಒರಸಿ ಇನ್ನೊಂದ ಸಲ ಬಡದು ನೋಡ್ರಿ."

ಅವರು ತಲೆ ಎತ್ತಲಿಲ್ಲ. "ಅಡಗಿ ಮನ್ಯಾಗ ಕುಂತ ಕಿವಿ ನಿಂದು. ಅಣ್ಣ ತಂದಾನ. ಸುಮ್ಮನ ಪಲ್ಯ ನೀಡು."

ನೀಡಿದೆ.

ಗ್ರೀಸು ಒರೆಸಲು ಎಷ್ಟು ಹೊತ್ತು ಬೇಕು? ಒಂದು ಹಳೆಯ ಬಟ್ಟೆ, ಒಂದಿಷ್ಟು ಸೀಮೆಎಣ್ಣೆ. ಒರೆಸಿ ಬಡಿದಿದ್ದರೆ ಅಣ್ಣನ ಮಾತಿನ ಮೇಲೆ ಸಂಶಯ ಪಟ್ಟಂತಾಗುತ್ತಿತ್ತು. ಅದಕ್ಕೆ ಒರೆಸಲಿಲ್ಲ. ಭಾವನವರು ಬಜಾರಿನಲ್ಲಿ ತಾವೇ ಮೋಸ ಹೋಗಿದ್ದರೋ, ಗೊತ್ತಿದ್ದೇ ತಂದಿದ್ದರೋ, ನನಗೆ ಇವತ್ತಿಗೂ ತಿಳಿಯದು. ಅವರು ಸಾಯುವವರೆಗೂ ನಾನು ಅವರ ಮುಂದೆ ಮಾತಾಡಿದವಳಲ್ಲವಾದ್ದರಿಂದ ಕೇಳುವ ಪ್ರಸಂಗವೂ ಬರಲಿಲ್ಲ.

ಎರಡು ತಿಂಗಳಾಗಿತ್ತೋ ಇಲ್ಲವೋ, ಜಹೀರಾಬಾದಿನ ರಸ್ತೆಯಲ್ಲಿ ಕ್ರ್ಯಾಂಕು ಎರಡು ತುಂಡಾಯಿತು. ಮುರಿದ ರಭಸಕ್ಕೆ ಇಂಜಿನ್ನಿನ ಮಗ್ಗುಲು ಒಡೆದು, ಕುದಿಯುವ ಆಯಿಲು ಮಲ್ಲಪ್ಪನ ಎಡಗಾಲಿನ ಮೇಲೆ ತೊಡೆಯಿಂದ ಪಾದದವರೆಗೆ ಸುರಿಯಿತು. ಹಿಂದೆ ಕೂತಿದ್ದ ಹನ್ನೆರಡು ಮಂದಿಗೆ ಏನೂ ಆಗದಂತೆ ಅವನು ಆ ಕಾಲಿನಿಂದಲೇ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದನಂತೆ. ಸುದ್ದಿ ಬಂದಾಗ ಭಾವನವರು, "ಓವರ್‌ಲೋಡ್ ಹಾಕ್ಯಾನ. ಮುರೀದ ಏನ ಮಾಡತೈತಿ?" ಎಂದರು. ಅಷ್ಟಕ್ಕೆ ಅವರ ಕಡೆಯಿಂದ ಅದು ಮುಗಿಯಿತು.

ನಾಲ್ಕು ತಿಂಗಳ ಮೇಲೆ ಮಲ್ಲಪ್ಪ ಬಂದ. ಕೋಲು ಊರಿಕೊಂಡು, ಹೆಗಲಿಗೆ ಒಂದು ಚೀಲ ಹಾಕಿಕೊಂಡು. ಚೀಲದಿಂದ ಮುರಿದ ಅರ್ಧ ಕ್ರ್ಯಾಂಕು ತೆಗೆದು ನಡುಬಾಗಿಲಿನ ಹೊಸ್ತಿಲ ಮೇಲೆ ಇಟ್ಟ. "ಅಣ್ಣಾರ, ನಿಮ್ಮ ಮಾಲು ನಿಮಗ ಮುಟ್ಟಿಸಿ ಹೋಗಾಣಂತ ಬಂದೆ" ಅಂದ. ನಾನು ಕೊಟ್ಟ ಚಹಾ ಕುಡಿದ, ಕಪ್ಪು ಇಟ್ಟ, "ಚಲೋ ಆಗಿತ್ತ್ರಿ ವೈನಿ" ಅಂದ, ಹೋದ. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಟೆಂಪೊ ಹೋಯಿತು. ಕೊನೆಗೆ ಗಚ್ಚಿಬೌಲಿಯಲ್ಲಿ ಬಂಡೆ ಒಡೆದು ಕಟ್ಟಡ ಎಬ್ಬಿಸಲು ಶುರು ಮಾಡಿದಾಗ ಅಲ್ಲೊಂದು ಕಡೆ ವಾಚ್‌ಮನ್ ಆಗಿದ್ದ ಎಂದು ಕೇಳಿದೆ. ನಾವು ಕಾರಿನಲ್ಲಿ ಆ ಕಡೆ ಹೋದಾಗಲೆಲ್ಲ ನಾನು ಗೇಟುಗಳ ಹತ್ತಿರ ನೋಡುವುದು ಕಟ್ಟಡಗಳನ್ನಲ್ಲ.

ಆ ದಿನ ಮಲ್ಲಪ್ಪ ಹೋದ ಮೇಲೆ ನಿಮ್ಮ ಅಜ್ಜ ಹೊಸ್ತಿಲ ಮೇಲಿನ ಆ ತುಂಡನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಮುರಿದ ಮುಖದಲ್ಲಿ ಕಾಳುಕಾಳು. ಕೂಸಿಗೂ ತಿಳಿಯುವಂತಿತ್ತು. ಆಮೇಲೆ ಒಳಗೆ ಬಂದು ನನ್ನನ್ನು ಕೇಳಿದರು.

"ನಿನಗ ಗೊತ್ತಿತ್ತು. ಗಟ್ಟಿಯಾಗಿ ಯಾಕ ಹೇಳಲಿಲ್ಲ?"

ಮಕ್ಕಳೇ, ಈ ಪ್ರಶ್ನೆಯನ್ನು ನಾನು ನಲವತ್ತು ವರ್ಷದಿಂದ ನುಂಗಲೂ ಆಗದೆ ಉಗುಳಲೂ ಆಗದೆ ಬಾಯಲ್ಲಿ ಇಟ್ಟುಕೊಂಡಿದ್ದೇನೆ. ಸುಮ್ಮನಿರು ಎಂದವರು ಅವರೇ. ಸುಮ್ಮನಿದ್ದದ್ದಕ್ಕೆ ತಪ್ಪು ಹೊರಿಸಿದವರೂ ಅವರೇ. ಎರಡಕ್ಕೂ ನಡುವೆ ಆರು ತಿಂಗಳು ಮತ್ತು ಒಬ್ಬ ಮನುಷ್ಯನ ಕಾಲು. ನಿಮ್ಮ ಅಜ್ಜ ಕೆಟ್ಟವರಾಗಿರಲಿಲ್ಲ, ಕೈ ಎತ್ತಿದವರಲ್ಲ, ಕುಡಿದವರಲ್ಲ. ಅವರ ಒಳ್ಳೆಯತನವನ್ನು ನೀವು ಕೇಳುತ್ತಲೇ ಬೆಳೆದಿದ್ದೀರಿ, ನಾನೂ ಹೇಳುತ್ತಲೇ ಬಂದಿದ್ದೇನೆ. ಆದರೆ ಆ ಪ್ರಶ್ನೆಯನ್ನು ಅವರು ಅಣ್ಣನಿಗೆ ಕೇಳಬಹುದಾಗಿತ್ತು. ತಮ್ಮನ್ನು ತಾವೇ ಕೇಳಿಕೊಳ್ಳಬಹುದಾಗಿತ್ತು. ನನ್ನನ್ನು ಕೇಳುವುದು ಸುಲಭವಿತ್ತು, ನಾನು ಉತ್ತರ ಕೊಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಮರುದಿನ ಅವರು ಆ ತುಂಡನ್ನು ನಡುಬಾಗಿಲಿನ ಬುಡಕ್ಕೆ ಇಟ್ಟರು. ಅಲ್ಲಿಯವರೆಗೆ ಆ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಅಂದಿನಿಂದ ಪೂರ್ತಿ ತೆರೆದು ನಿಂತಿತು. ಮತ್ತೊಂದು ಪದ್ಧತಿಯೂ ಶುರುವಾಯಿತು. ತೊಲೆಗೆ ಕಟ್ಟಿದ ಕ್ರ್ಯಾಂಕಿಗೆ ಏಟು ಕೊಟ್ಟು ಅವರು ತಲೆ ವಾರೆ ಮಾಡಿ ನಿಲ್ಲುತ್ತಿದ್ದರು. ಒಳಗೆ ನಾನು ಕೇಳಿ, ಮಾಲು ಸರಿಯಿದ್ದರೆ ಸೌಟಿನಿಂದ ಬುಟ್ಟಿಯ ಅಂಚಿಗೆ ಒಂದು ಸಲ ಟಣ್ ಎನಿಸಬೇಕು. ನಮ್ಮ ಕಡೆ ಕಡಾಯಿಗೆ ಬುಟ್ಟಿ ಎನ್ನುತ್ತೇವೆ. ಮಾಲು ಕೆಟ್ಟದ್ದಿದ್ದರೆ ನಾನು ಸುಮ್ಮನಿರಬೇಕು. ಸೌಟಿನ ಸದ್ದು ಬಂದರೆ ಅವರು ಗಿರಾಕಿಗೆ, "ಬಡದಿದ್ದ ಐತ್ರಿ, ಚಿಂತಿಲ್ಲ" ಎನ್ನುವರು. ಬರದಿದ್ದರೆ, "ಎರಕದ್ದೈತಿ, ಇದು ನಡಿಯಾಂಗಿಲ್ಲ" ಎನ್ನುವರು. ಇದನ್ನು ಅವರು ನನಗೆ ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಒಂದು ದಿನ ಏಟು ಕೊಟ್ಟು ನನ್ನ ಕಡೆ ನೋಡಿದರು, ಗಾಬರಿಗೆ ನನ್ನ ಕೈಯ ಸೌಟು ಬುಟ್ಟಿಗೆ ತಾಗಿತು, ಅಲ್ಲಿಂದ ಅದೇ ಆಯಿತು.

ಅವರ ಹೆಸರು ಬೆಳೆಯಿತು. ದೂರದೂರದಿಂದ ಜನ ಕ್ರ್ಯಾಂಕು ಹೊತ್ತು ತರುತ್ತಿದ್ದರು. "ಸದ್ದು ನಿಂತ ಮ್ಯಾಲೂ ಇವರಿಗೆ ಕೇಳಸ್ತೈತಿ ನೋಡ್ರಿ, ಎಷ್ಟು ಹೊತ್ತು ಕಿವಿಗೊಟ್ಟು ನಿಂತಾರ" ಎಂದು ಗಿರಾಕಿಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವುದನ್ನು ನಾನು ಒಳಗಿನಿಂದ ಕೇಳಿದ್ದೇನೆ. ಅವರು ಕಿವಿಗೊಟ್ಟದ್ದು ಕಬ್ಬಿಣಕ್ಕಲ್ಲ, ನನ್ನ ಬುಟ್ಟಿಗೆ. ವರ್ಕ್‌ಶಾಪು ಮುಚ್ಚಿ ಈ ಮನೆಗೆ ಬಂದಾಗ ಆ ತುಂಡನ್ನು ನಾನು ಜೊತೆಗೆ ತಂದೆ. ಆರು ವರ್ಷದ ಹಿಂದೆ ಅವರು ತೀರಿಹೋದಾಗ ಮನೆ ತುಂಬ ನಿಂತಿದ್ದ ಮೆಕ್ಯಾನಿಕ್ಕುಗಳು, ಡ್ರೈವರುಗಳು ಹೇಳಿದ್ದು ಅದೊಂದೇ ಮಾತು, ಅಂಥಾ ಕಿವಿ ಇನ್ನ ಹುಟ್ಟಂಗಿಲ್ಲ ಎಂದು. ನಾನು ಒಳಗೆ ಗೋಡೆಗೆ ಒರಗಿ ಕೂತಿದ್ದೆ. ಆ ಕಿವಿ ಆಗ ಕೇಳುತ್ತಿತ್ತು.

ಏಟು ತಿಂದವರು ಗಟ್ಟಿಯಾಗುತ್ತಾರೆ ಎಂದು ಹೇಳುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಹೆಚ್ಚಾಗಿ ಅವರು ಸುತ್ತಿಗೆಯ ಹಿಡಿಯ ಕಡೆ ಇರುವವರು. ಅವರಿಗೆ ಒಂದು ಸಂಗತಿ ತಿಳಿದಿಲ್ಲ, ಅಥವಾ ತಿಳಿದೂ ಬಿಟ್ಟಿರುತ್ತಾರೆ: ಕಬ್ಬಿಣವನ್ನು ಬಡಿಯುವ ಮೊದಲು ಕಾಸಬೇಕು. ಕೆಂಪಗೆ, ಮೆತ್ತಗೆ ಆಗುವವರೆಗೆ ಅದರ ಜೊತೆ ಬೆಂಕಿಯ ಮುಂದೆ ಕೂಡಬೇಕು. ಕಾಸದೆ ತಣ್ಣಗಿದ್ದಾಗ ಬಡಿದರೆ ಅದರೊಳಗೆ ನಾರು ಹುಟ್ಟುವುದಿಲ್ಲ, ಬಿರುಕು ಹುಟ್ಟುತ್ತದೆ. ನನ್ನನ್ನು ಯಾರೂ ಬಡಿಯಲಿಲ್ಲ. ಅಚ್ಚಿಗೆ ಸುರಿದರು, ಆರಿದೆ, ಅಚ್ಚಿನ ರೂಪ ಬಂತು, ನೋಡಿದವರೆಲ್ಲ ಒಳ್ಳೆಯ ಸೊಸೆ ಎಂದರು. ಹಗುರ ಗಾಡಿಗೆ ಸಾಕಾಗುವಂಥ ರೂಪ. ಭಾರ ಬೀಳುವ ದಿನ ಒಂದೇ ಬಂತು, ಆ ದಿನ ಮುರಿದೆ. ಮುರಿದದ್ದು ಬೇರೆಯವರ ಕಾಲಿನ ಮೇಲೆ ಬಿತ್ತು.

ಇನ್ನು ನಿಮ್ಮ ಮಾತು. ಹೋದ ತಿಂಗಳು ಊಟದ ಮೇಜಿನ ಮುಂದೆ ಅಜ್ಜನ ಜೀಪಿನ ಇಂಜಿನ್ನು ಹೊಸದಾಗಿ ಕಟ್ಟುವ ಮಾತು ಬಂದಾಗ ನೀವಿಬ್ಬರೂ ಜಗಳಾಡಿದಿರಿ. "ಅಕ್ಕಾ, ಟರ್ಬೊ ಕೂಡಸ್ತೀವಿ, ಅನಂತಗಿರಿ ಗುಡ್ಡ ಹತ್ತಸ್ತೀವಿ, ಕಾಸ್ಟ್ ಹಾಕಿದ್ರ ಅಷ್ಟ! ಫೋರ್ಜ್ಡ್‌ ಬೇಕು" ಎಂದ ಸಮರ್ಥ; ನಿಮ್ಮ ಇಂಗ್ಲಿಷಿನಲ್ಲಿ ಎರಕದ್ದು ಕಾಸ್ಟ್, ಬಡಿದದ್ದು ಫೋರ್ಜ್ಡ್. "ಟರ್ಬೊ ಬಿಡು, ಸಾದಾ ಓಡಸು, ಆಗ ಎರಕದ್ದೂ ನಡೀತೈತಿ. ನಿನಗ ಗಾಡಿ ಬೇಕೋ ರಾಕೆಟ್ ಬೇಕೋ?" ಎಂದಳು ನೇತ್ರಾ. ಇಬ್ಬರೂ ಸರಿಯಾಗಿಯೇ ಹೇಳಿದಿರಿ. ನಾನು ರೊಟ್ಟಿ ಹಿಡಿದುಕೊಂಡು ಹಿಂದೆ ನಿಂತಿದ್ದೆ. ಆಗ ನಿಮ್ಮ ಅಪ್ಪ, "ನಮ್ಮಪ್ಪ ಇದ್ದಿದ್ರ ಒಂದ ಏಟು ಬಡದು ಹೇಳಿಬಿಡ್ತಿದ್ರು" ಎಂದು ನಿಟ್ಟುಸಿರು ಬಿಟ್ಟ. ಬಿಟ್ಟು, "ಅವ್ವಾ, ಇನ್ನೊಂದ ರೊಟ್ಟಿ" ಎಂದ. ನೀಡಿದೆ.

ಕೊನೆಗೆ ಇಂಜಿನ್ನಿನ ಬಲ ಹೆಚ್ಚಿಸುವ ಆ ಟರ್ಬೊವೇ ಎಂದು ನಿಶ್ಚಯವಾಗಿ, ನಿನ್ನೆ ಬಡಿದದ್ದೆಂಬ ಹೆಸರಿನಲ್ಲಿ ಕ್ರ್ಯಾಂಕು ಬಂತು. ಸಮರ್ಥ ಅದನ್ನು ಅಜ್ಜನ ಹಾಗೆಯೇ ಹಗ್ಗಕ್ಕೆ ಕಟ್ಟಿ, ಪಾರ್ಕಿಂಗಿನ ಪೈಪಿಗೆ ಇಳಿಬಿಟ್ಟು, ನಟ್ಟು ಬಿಚ್ಚುವ ಪಾನಾದಿಂದ ಬಡಿದ. ನಾನು ಚಹಾದ ಥರ್ಮಾಸು ಹಿಡಿದು ಕಂಬದ ಪಕ್ಕ ನಿಂತಿದ್ದೆ.

ದಬ್ ಎಂದಿತು.

"ರಿಂಗ್ ಆತು ನೋಡು!" ಎಂದ ಸಮರ್ಥ. ಪಾರ್ಕಿಂಗ್ ತುಂಬ ಗೋಡೆಗೋಡೆಗೆ ಬಡಿದು ಬಂದ ಮಾರ್ದನಿಯನ್ನು ಅವನು ಕಬ್ಬಿಣದ ಸದ್ದೆಂದು ತಿಳಿದ. ನಾನು ಸುಮ್ಮನೆ ನಿಂತೆ. ಹೆದರಿ ಸುಮ್ಮನಿದ್ದದ್ದಲ್ಲ, ಇದನ್ನು ನೀವು ನಂಬಬೇಕು. ನಾನು ಸುಮ್ಮನಿದ್ದು ನಿಮ್ಮ ಮುಖಗಳನ್ನು ನೋಡುತ್ತ ನಿಂತೆ, ನೀವು ತಲೆ ವಾರೆ ಮಾಡಿ ನನ್ನ ಕಡೆ ನೋಡುತ್ತೀರಿ ಎಂದು, ಸೌಟಿನ ಸದ್ದು ಬರಲಿಲ್ಲ, ಅಂದರೆ ಬೇಡ ಎಂದು ತಿಳಿಯುತ್ತೀರಿ ಎಂದು. ಅಷ್ಟು ವರ್ಷದ ರೂಢಿ. ಲಿಫ್ಟಿನಲ್ಲಿ ಮೇಲೆ ಬರುವಾಗ ತಪ್ಪು ಹೊಳೆಯಿತು. ನನ್ನ ಸುಮ್ಮನಿರುವಿಕೆಗೆ ಅರ್ಥ ಇದ್ದದ್ದು ಒಬ್ಬರಿಗೆ ಮಾತ್ರ, ಅವರು ಈಗ ಇಲ್ಲ. ಉಳಿದ ಲೋಕಕ್ಕೆಲ್ಲ ಸುಮ್ಮನಿದ್ದಾಳೆ ಎಂದರೆ ಒಪ್ಪಿದ್ದಾಳೆ ಎಂದೇ.

ಇಲ್ಲಿಯವರೆಗೆ ಬರೆದು ಶುಕ್ರವಾರ ನೋಟುಬುಕ್ಕು ಮುಚ್ಚಿದ್ದೆ. ಶನಿವಾರ ನಿಮಗೆ ಕೊಡಬೇಕೆಂದು ಎರಡು ಸಲ ನಿಮ್ಮ ಕೋಣೆಯ ಬಾಗಿಲವರೆಗೆ ಬಂದೆ. ಒಮ್ಮೆ ನೇತ್ರಾ ಫೋನಿನಲ್ಲಿದ್ದಳು, ಒಮ್ಮೆ ಮಲಗಿದ್ದಳು. ನೆಪಗಳು, ಮತ್ತೇನಲ್ಲ. ಈಗ ರವಿವಾರ ಸಂಜೆ. ಉಳಿದದ್ದನ್ನು ಬರೆದು ಮುಗಿಸುತ್ತೇನೆ.

ಇವತ್ತು ಬೆಳಿಗ್ಗೆ ಹತ್ತಕ್ಕೆ ನೀವೆಲ್ಲ ಕೆಳಗಿಳಿದಿರಿ. ನಾನು ಅಡುಗೆಮನೆಯಲ್ಲಿದ್ದೆ. ಈಗ ಕೂರಿಸುತ್ತಿರಬೇಕು, ಈಗ ಬೋಲ್ಟು ಬಿಗಿಯುತ್ತಿರಬೇಕು ಎಂದು ಮನಸ್ಸು ಎಣಿಸುತ್ತಿತ್ತು. ಬಗ್ಗಿ, ಬಾಗಿಲ ಬುಡದ ಆ ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಸಂತೆಯ ಚೀಲಕ್ಕೆ ಹಾಕಿಕೊಂಡೆ. ಹಿಂದೆ ಬಾಗಿಲು ಧಡಾರೆಂದು ಹೊಡೆದುಕೊಂಡಿತು. "ಏನಾತ್ರಿ ಅತ್ತಿ?" ಎಂದು ನಿಮ್ಮ ಅಮ್ಮ ಒಳಗಿನಿಂದ ಕೂಗಿದಳು. ನಾನು ಆಗಲೇ ಲಿಫ್ಟಿನಲ್ಲಿದ್ದೆ.

ನಿಮ್ಮ ಮೆಕ್ಯಾನಿಕ್ ಶ್ರೀಶೈಲಂ ಇಂಜಿನ್ನಿನ ಮೇಲೆ ಬಗ್ಗಿದ್ದ, ನಿಮ್ಮ ಅಪ್ಪ ಮೊಬೈಲಿನ ಬೆಳಕು ಹಿಡಿದಿದ್ದ. ಕ್ರ್ಯಾಂಕು ಸಮರ್ಥನ ಎರಡೂ ಕೈಯಲ್ಲಿತ್ತು. ನಾನು ಬಂದದ್ದನ್ನು ಯಾರೂ ನೋಡಲಿಲ್ಲ. ಬಾಯಿ ತೆರೆದೆ, ಮೊದಲ ಸಲ ಗಾಳಿ ಬಂತು, ಎರಡನೆಯ ಸಲ ಮಾತು ಬಂತು.

"ಅದನ್ನ ಕೂಡಸಬ್ಯಾಡ್ರಿ. ಅದು ಎರಕದ್ದೈತಿ."

ಆ ನೆಲಮಾಳಿಗೆಯಲ್ಲಿ ನನ್ನ ದನಿ ಎಷ್ಟು ದೊಡ್ಡದಾಗಿ ತಿರುಗಿ ಬಂತೆಂದರೆ ನಾನೇ ಬೆದರಿದೆ. ನಿಮ್ಮ ಅಪ್ಪ, "ಅವ್ವಾ, ನೀ ಮ್ಯಾಲ ನಡಿ, ಮೊಣಕಾಲು ನೋವಂತಿದ್ದಿ" ಎಂದ. ಶ್ರೀಶೈಲಂ ನಕ್ಕು, "ಏಂ ಕಾದು ಅಮ್ಮಾ" ಎಂದ, ಏನೂ ಆಗುವುದಿಲ್ಲವಂತೆ. ಸಮರ್ಥ, "ಅಜ್ಜಿ, ಬಿಲ್‌ನ್ಯಾಗ ಫೋರ್ಜ್ಡ್‌ ಅಂತ ಬರದಾರ" ಎಂದ.

"ಬಿಲ್ಲು ಬಡದ್ರ ಸದ್ದು ಬರತೈತೇನೋ?" ಎಂದೆ. ಎಲ್ಲಿಂದ ಬಂತೋ ಆ ಮಾತು.

ನೇತ್ರಾ ಮಾತ್ರ ನಗಲಿಲ್ಲ. "ಅಜ್ಜಿ, ಹೆಂಗ ಗೊತ್ತಾತು?" ಎಂದಳು. ನನ್ನ ಜೀವನದಲ್ಲಿ ನನಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಚೀಲದಿಂದ ತುಂಡು ತೆಗೆದು ನೆಲದ ಮೇಲಿಟ್ಟೆ. ಅದರ ಮಗ್ಗುಲಿನಲ್ಲಿ ಉದ್ದಕ್ಕೂ ದಾರದಷ್ಟು ಸಣ್ಣ ಗೆರೆ ಇದೆ, ಅಚ್ಚಿನ ಎರಡು ಹೋಳು ಕೂಡಿದ ಗುರುತು. ಹೊಸ ಕ್ರ್ಯಾಂಕಿನ ಮೈಯಲ್ಲೂ ಅದೇ ಗೆರೆ. ಮೂಲೆಯಲ್ಲಿ ಬಿದ್ದಿದ್ದ ಜೀಪಿನ ಸವೆದ ಹಳೆಯ ಕ್ರ್ಯಾಂಕನ್ನು ತರಿಸಿದೆ; ಅದರಲ್ಲಿ ಗೆರೆಯಲ್ಲ, ಹೆಬ್ಬೆರಳಗಲ ಪಟ್ಟಿ, ಬಡಿದಾಗ ಹೊರಚೆಲ್ಲಿದ ಉಕ್ಕನ್ನು ಉಜ್ಜಿ ತೆಗೆದ ಗುರುತು. ನೇತ್ರಾ ಹಳೆಯದನ್ನು ಹಗ್ಗಕ್ಕೆ ಕಟ್ಟಿ ಬಡಿದಳು. ಗಂಟೆಯ ಹಾಗೆ ಹಾಡಿತು, ಆ ನೆಲಮಾಳಿಗೆ ತುಂಬ ಬಹಳ ಹೊತ್ತು. ಆಮೇಲೆ ಹೊಸದನ್ನು ಬಡಿದಳು. ಸಮರ್ಥನ ಮುಖ ಸಣ್ಣದಾಯಿತು. ಶ್ರೀಶೈಲಂ ಕೈ ಒರೆಸಿಕೊಂಡು, "ಅಮ್ಮಗಾರು ಚೆಪ್ಪಿಂದಿ ಕರೆಕ್ಟೇ" 
ಎಂದ, ಅಮ್ಮ ಹೇಳಿದ್ದೇ ಸರಿಯೆಂದು. ಕ್ರ್ಯಾಂಕು ಮತ್ತೆ ಗೋಣಿಚೀಲಕ್ಕೆ ಹೋಯಿತು, ನಾಳೆ ಅಂಗಡಿಗೆ ಹಿಂದಿರುಗುತ್ತದೆ.

ಅಷ್ಟೇ. ಇಷ್ಟು ನಡೆಯಲು ಎಷ್ಟು ಹೊತ್ತು ಹಿಡಿಯಿತು? ಒಂದು ಥರ್ಮಾಸಿನ ಚಹಾ ಆರುವಷ್ಟೂ ಅಲ್ಲ. ಯಾರೂ ನನ್ನನ್ನು ತಿನ್ನಲಿಲ್ಲ, ಮನೆ ಬೀಳಲಿಲ್ಲ, ಯಾರ ಮರ್ಯಾದೆಯೂ ಹೋಗಲಿಲ್ಲ. ನೀವೆಲ್ಲ ಖುಷಿಯಾಗಿದ್ದಿರಿ, ಸಮರ್ಥ ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡ. ನನಗೆ ಮಾತ್ರ ಖುಷಿಯಾಗಲಿಲ್ಲ. ಇಷ್ಟು ಸಣ್ಣ ಕೆಲಸವಾಗಿತ್ತೇ ಇದು? ಆ ದಿನ ನಡುಬಾಗಿಲು ದಾಟಿ ಹೊರಗೆ ಬಂದು, ಸೆರಗನ್ನು ಬೇಕಾದರೆ ಹಲ್ಲಿನಲ್ಲಿ ಕಚ್ಚಿಕೊಂಡೇ, ಮಲ್ಲಪ್ಪನ ಮುಂದೆ ಈ ನಾಲ್ಕು ಶಬ್ದ ಹೇಳಲು ಆಗ ನನ್ನಲ್ಲಿ ಕಡಿಮೆ ಇದ್ದದ್ದು ಏನು? ಭಾವನವರು ಬೈಯುತ್ತಿದ್ದರು. ಊರಿಗೆ ಕಳಿಸುತ್ತಿದ್ದರೇನೋ. ನಲವತ್ತು ವರ್ಷ ನಾನು ಆ ಮಾತನ್ನು ಬೆಟ್ಟ ಮಾಡಿ ಇಟ್ಟುಕೊಂಡಿದ್ದೆ. ಅದು ಬೆಟ್ಟವಲ್ಲ ಎಂದು ತಿಳಿದದ್ದು ಸಮಾಧಾನ ಕೊಡಲಿಲ್ಲ. ಬೆಟ್ಟವಾಗಿದ್ದರೆ ಏರಲಾಗಲಿಲ್ಲ ಎನ್ನಬಹುದಾಗಿತ್ತು.

ಮೇಲೆ ಬರುವಾಗ ನಿಮ್ಮ ಅಪ್ಪ ಹೆಮ್ಮೆಯಿಂದ ನಿಮಗೆ ಹೇಳುತ್ತಿದ್ದ: "ಅಪ್ಪನ ಜೋಡಿ ಇದ್ದು ಇದ್ದು ಅವ್ವನೂ ಕಲತಾಳ ನೋಡ್ರಿ." ನಾನು ಲಿಫ್ಟಿನ ಅಂಕಿಗಳನ್ನು ನೋಡುತ್ತಿದ್ದೆ. ಆ ಮಾತಿಗೆ ಉತ್ತರ ಅಲ್ಲಿ ಕೊಡಲಿಲ್ಲ, ಒಂದು ದಿನಕ್ಕೆ ಒಂದು ಮಾತು ನನಗೆ ಸಾಕಾಗಿತ್ತು. ಇಲ್ಲಿ ಬರೆದಿದ್ದೇನೆ. ನೇತ್ರಾ, ನಿಮ್ಮ ಅಪ್ಪನಿಗೂ ಓದಿ ಹೇಳು.

ಆ ತುಂಡನ್ನು ನೇತ್ರಾ ಕೆಳಗೇ ಇಟ್ಟುಕೊಂಡಿದ್ದಾಳೆ, ಕಾಲೇಜಿನಲ್ಲಿ ತೋರಿಸಬೇಕಂತೆ. "ಇದು ಯಾರ ಗಾಡೀದು ಅಜ್ಜಿ?" ಎಂದು ಕೇಳಿದಳು. ಮಲ್ಲಪ್ಪನದು ಎಂದೆ. "ಯಾರ ಮಲ್ಲಪ್ಪ?" ಎಂದಳು. ಆ ಹೆಸರನ್ನು ಈ ಮನೆಯಲ್ಲಿ ನಲವತ್ತು ವರ್ಷದಿಂದ ಯಾರೂ ಹೇಳಿಲ್ಲ ಎಂದು ಆಗ ಹೊಳೆಯಿತು.

ಬಾಲ್ಕನಿಯ ಬಾಗಿಲು ಬೆಳಿಗ್ಗೆಯಿಂದ ಹೊಡೆದುಕೊಳ್ಳುತ್ತಿದೆ. ಗೊಂಬೆ ಆನಿಸುತ್ತಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ಕಂದು ಕಲೆ ಉಳಿದಿದೆ, ಉಜ್ಜಿದೆ, ಹೋಗಲಿಲ್ಲ. ನಿಮ್ಮ ಅಮ್ಮ ಬಂದು, "ಅತ್ತಿ, ಬಾಗಲಿಗೆ ಬ್ಯಾರೆ ಏನರೆ ಇಡೂಣೇನ್ರಿ? ಭಾಳ ಸದ್ದು ಮಾಡಾಕತ್ತೈತಿ" ಎಂದಳು.

"ಮಾಡಲಿ ಬಿಡವಾ" ಎಂದೆ.